ಪ್ರಶ್ನೆ ಚಿಹ್ನೆಗಳ ಹಿಂದಿದ್ದ ಹೆಸರು

ನಮ್ಮ ಸಾವಿತ್ರಿ ಅಕ್ಕೋರಿಗೆ,

ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಎದುರಿನ ಕೋಣೆಯಲ್ಲಿ ನೀವು ನನಗೆ ಮೊದಲ ಸಲ ಆ ಕಪ್ಪು ಪರದೆ ತೋರಿಸಿದ್ದು ನೆನಪಾಗುತ್ತದೆ. ಯಾವುದಾದರೂ ವೆಬ್‌ಸೈಟಿನ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದರೆ, ಅದು ಯಾರ ಹೆಸರಿನಲ್ಲಿದೆ ಎಂದು ಹೇಳುವ ಪುಟ್ಟ ಪ್ರೋಗ್ರಾಂ. ನೀವೇ ಬರೆದದ್ದು. ನನಗೆ ಕೆಲಸ ಕಲಿಸುತ್ತ ಅದರಲ್ಲಿ ನನ್ನ ಕೈಯಿಂದಲೂ ನಾಲ್ಕು ಸಾಲು ಬರೆಸಿದಿರಿ. ಬರೆದ ದಿನ ನಾನೆಷ್ಟು ಬೀಗಿದ್ದೆ!

ನೇಕಾರ ಹೆಣ್ಣುಮಕ್ಕಳ ಸಂಘಕ್ಕೆ ಸೀರೆ ಮಾರಲು ವೆಬ್ ವಿಳಾಸ ಮಾಡಿಸಿಕೊಟ್ಟವರೂ ನೀವೇ, ನರಗುಂದದ ನಿಮ್ಮ ಮನೆಯಲ್ಲಿ ಕೂತು. ನೀವು ಹಾಸಿಗೆ ಹಿಡಿದಾಗ ಅದನ್ನು ನವೀಕರಿಸುವ ಹೊತ್ತು ಬಂತು. ಅದು ಯಾರ ಹೆಸರಿನಲ್ಲಿದೆ ಎಂದು ಅಧ್ಯಕ್ಷೆ ನೀಲವ್ವ ಕೇಳಿದಳು. ನಮ್ಮ ಪ್ರೋಗ್ರಾಂನಲ್ಲೇ ನೋಡಿದೆ. ಕನ್ನಡದಲ್ಲಿರಬೇಕಾದ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು. ಕೆಳಗೆ ಇಂಗ್ಲಿಷಿನಲ್ಲಿ ಊರಿನ ಹೆಸರು ಮಾತ್ರ ಸ್ಪಷ್ಟವಾಗಿತ್ತು: ನರಗುಂದ. ಅಷ್ಟು ಸಾಕಾಯಿತು ನನ್ನ ಮನಸ್ಸು ಕೆಡಲು.

ನಿಮ್ಮ ಹಾಸಿಗೆಯ ಪಕ್ಕ ನಿಂತು ನಾನು ಕೇಳಿದ್ದು… ಹೇಗೆ ಕೇಳಿದೆನೋ! “ಅಕ್ಕೋರ, ಸಂಘದ ವಿಳಾಸ ನಿಮ್ಮ ಹೆಸರಿಗೆ ಮಾಡ್ಕೊಂಡೀರೇನ್ರಿ?” ಮೂಲೆಯಲ್ಲಿ ನಿಮ್ಮ ಅವ್ವ ಜೋಳ ಹಸನು ಮಾಡುತ್ತಿದ್ದರು. ಅವರ ಕೈ ನಿಂತಿತು. ನೀವು ಸಿಟ್ಟಾಗಲಿಲ್ಲ.

“ನಾ ಇಲ್ಲ ಅಂದ್ರ ನೀ ಬರೇ ನನ್ನ ಮಾತು ನಂಬಬೇಕಾಗತೈತಿ. ಅದರಕಿಂತ ಪ್ರೋಗ್ರಾಂ ಚಲೋ ಮಾಡಿ ನೀನ ಓದವಾ,” ಎಂದಿರಿ.

ನಾನು ಮುಖ ಬಿಗಿದುಕೊಂಡು ಬಂದುಬಿಟ್ಟೆ. ಎಂಟು ದಿನಕ್ಕೆ ನೀವು ತೀರಿಹೋದಿರಿ.

ಆಮೇಲೆ ಒಂದು ಮಧ್ಯಾಹ್ನ ಕೂತು ಪ್ರೋಗ್ರಾಂ ಅನ್ನು ಸಾಲು ಸಾಲಾಗಿ ಓದಿದೆ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ಕಂಪ್ಯೂಟರಿಗೆ ಮೂರು ಬೈಟ್, ಅಂದರೆ ಮೂರು ಚೂರು ಎಂದು ನೀವು ಹೇಳಿಕೊಟ್ಟಿದ್ದಿರಿ. ದೂರದ ಕಂಪ್ಯೂಟರಿನಿಂದ ಬರುವ ಉತ್ತರ ತುಂಡು ತುಂಡಾಗಿ ಬರುತ್ತಿತ್ತು. ಪ್ರೋಗ್ರಾಂ ಪ್ರತಿ ತುಂಡನ್ನೂ ಬಂದ ಕೂಡಲೇ ಓದಲು ಹೋಗುತ್ತಿತ್ತು. ತುಂಡಿನ ಅಂಚಿನಲ್ಲಿ ಒಂದು ಅಕ್ಷರ ಅರ್ಧಕ್ಕೆ ಕಡಿದುಹೋದರೂ ಸಾಕು, ಆ ತುಂಡಿನ ಕನ್ನಡವನ್ನೆಲ್ಲ ಪ್ರಶ್ನೆ ಚಿಹ್ನೆ ಮಾಡಿಬಿಡುತ್ತಿತ್ತು. ಹಾಗೆ ಮಾಡು ಎಂದು ಅದಕ್ಕೆ ಹೇಳಿದ್ದ ಸಾಲುಗಳು ಯಾರವು ಗೊತ್ತೇ, ಅಕ್ಕೋರ? ನನ್ನವು. ನಾನು ಬೀಗಿಕೊಂಡು ಬರೆದ ಆ ನಾಲ್ಕು ಸಾಲು.

ಎಲ್ಲ ತುಂಡುಗಳೂ ಬಂದು ಸೇರಿದ ಮೇಲೆ ಒಟ್ಟಿಗೆ ಓದುವಂತೆ ತಿದ್ದಿದೆ. ಹೆಸರು ಮೂಡಿತು. ಸಂಘದ್ದೇ ಹೆಸರು, ಒಂದು ಒತ್ತಕ್ಷರವೂ ತಪ್ಪದೆ. ನರಗುಂದ ಎಂಬುದು ಪತ್ರ ತಲುಪಬೇಕಾದ ಊರು ಮಾತ್ರ. ನೀಲವ್ವನನ್ನು ಕರೆದು ತೋರಿಸಿದೆ. ಅವಳು ಓದಿ, “ಅವರ ಅವ್ವಗ ಹೋಗಿ ಹೇಳಿ ಬಾ,” ಎಂದಳು.

ಮೊನ್ನೆ ಭಾನುವಾರ ಹೋಗಿದ್ದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ನಿಮ್ಮ ಹೊಸ್ತಿಲಲ್ಲೇ ಮರೆತುಹೋದವು. ಹೆಸರು ಸಂಘದ್ದೇ, ಅದು ಕಾಣದಂತೆ ಮಾಡಿದ ತಪ್ಪು ನನ್ನದೇ ಎಂದಷ್ಟೇ ಹೇಳಲು ಬಂತು. ಅವ್ವ ಪೂರ್ತಿ ಕೇಳಿಸಿಕೊಂಡರು.

“ಈಗ ಹೆಸರು ಛಂದ ಕಾಣತೈತೇನು?”

“ಕಾಣತೈತ್ರಿ.”

“ಹಂಗಾರ ಕೈಕಾಲು ತೊಳಕೊಂಡು ಬಾ. ರೊಟ್ಟಿ ಬಿಸಿ ಅದಾವು.”

ಉಂಡು ಬಂದೆ, ಅಕ್ಕೋರ.

ನಿಮ್ಮ ವಿದ್ಯಾರ್ಥಿನಿ,
ಶಾರದಾ