ಆರನೆಯ ಹಗ್ಗ

ಲಿಂಕನ್,
ನವೆಂಬರ್ 12, ಬುಧವಾರ

ಪ್ರೀತಿಯ ಯಾಜಾ,

ನಿನ್ನ ಭುಜದ ನೋವು ಹೇಗಿದೆ? ಬಿಸಿನೀರಿನ ಚೀಲ ಇಟ್ಟುಕೋ ಅಂದರೆ ನೀನು ಇಟ್ಟುಕೊಳ್ಳುವವಳಲ್ಲ, ಮನೆಯಲ್ಲಿರುವ ಒಂದೇ ಚೀಲವೂ ಅತ್ತೆಯ ಕಾಲಡಿಗೇ ಹೋಗಿರುತ್ತದೆ. ಅತ್ತೆ ಈಗ ಸರಿಯಾಗಿ ಊಟ ಮಾಡುತ್ತಿದ್ದಾರಾ, ಇಲ್ಲ ಬೀಟ್ರೂಟ್ ಸಾರಿಗೆ ಉಪ್ಪಿಲ್ಲ ಅಂತ ಇನ್ನೂ ಮುಖ ತಿರುಗಿಸುತ್ತಾರಾ? ತೊಂಬತ್ತೊಂದು ತುಂಬಿದವರಿಗೆ ಉಪ್ಪು ಕೊಡಬೇಡಿ ಅಂದ ಆ ಡಾಕ್ಟರಿಗೂ ಒಂದು ದಿನ ತೊಂಬತ್ತೊಂದು ತುಂಬಲಿ, ಆಗ ಗೊತ್ತಾಗುತ್ತದೆ. ಒಂದನೇ ತಾರೀಕು, ಸತ್ತವರ ಹಬ್ಬಕ್ಕೆ, ನನ್ನ ಅಪ್ಪ ಅಮ್ಮನ ಸಮಾಧಿಗೆ ನೀನೊಬ್ಬಳೇ ಹೋಗಿ ದೀಪ ಹಚ್ಚಿ ಬಂದೆಯಂತೆ, ಪಕ್ಕದ ಮನೆಯ ಮಾರಿಲಾ ಹೇಳಿದಳು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ನಾನಿಲ್ಲದೆ ನೀನು ಆ ದಿಬ್ಬ ಹತ್ತಿದ್ದು ಇದೇ ಮೊದಲು. ಆ ದಿನ ಇಲ್ಲಿ ನಾನೂ ಅಡುಗೆಮನೆಯ ಕಿಟಕಿಯಲ್ಲಿ ಎರಡು ದೀಪ ಇಟ್ಟೆ. ಬೀದಿಯವರು ಇವನ ಮನೆಯಲ್ಲಿ ಕರೆಂಟ್ ಹೋಗಿದೆ ಅಂದುಕೊಂಡಿರಬೇಕು.

ದಿನಾ ಫೋನಿನಲ್ಲಿ ಮಾತಾಡುವವನು ಪತ್ರ ಯಾಕೆ ಬರೆಯುತ್ತಾನೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾನು ಸುಳ್ಳು ಹೇಳುತ್ತೇನೆ, ಅದಕ್ಕೆ. 'ಹೇಗಿದ್ದೀಯ' ಅಂತ ನೀನು ಕೇಳಿದರೆ ಬಾಯಿ ತಾನಾಗಿಯೇ 'ಚೆನ್ನಾಗಿದ್ದೀನಿ' ಅನ್ನುತ್ತದೆ. ಅಷ್ಟರಲ್ಲಿ ಆ ಕೋಣೆಯಿಂದ ಅತ್ತೆ ಕೂಗುತ್ತಾರೆ, ನೀನು ಓಡುತ್ತೀಯ. ಮುಗಿಯಿತು. ಕಾಗದದ ಮೇಲೆ ಸುಳ್ಳು ಬರೆಯಲು ನನಗೆ ಬರುವುದಿಲ್ಲ. ನಿಧಾನವಾಗಿ ಬರೆಯುವವನಿಗೆ ನಾಚಿಕೆಯಾಗಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ನಿಜ ಹೇಳುತ್ತೇನೆ. ಆ ಮನುಷ್ಯ ನಮ್ಮ ಕಿಂಗಾಳನ್ನು ಬಿಟ್ಟುಹೋದ ಮೇಲೆ, ಮಗಳಿಗೂ ಮೊಮ್ಮಗಳಿಗೂ ಆಸರೆಯಾಗಿರುತ್ತೇನೆ ಅಂತ ಮೇ ತಿಂಗಳಲ್ಲಿ ನಮ್ಮೂರು ತಾರ್ನುವ್ ಬಿಟ್ಟು ಈ ದೇಶಕ್ಕೆ ಬಂದೆನಲ್ಲ, ನಾಲ್ಕು ತಿಂಗಳು ಆಸರೆಯಾಗಿರಲಿಲ್ಲ, ಹೊರೆಯಾಗಿದ್ದೆ. ಬೆಳಿಗ್ಗೆ ಕಿಂಗಾ ಆಸ್ಪತ್ರೆಗೆ ಹೋಗುತ್ತಾಳೆ, ಮಿಲೆನಾಳನ್ನು ನಾನು ಶಾಲೆಗೆ ಬಿಟ್ಟು ಬರುತ್ತೇನೆ. ಆಮೇಲೆ ಮೂರು ಗಂಟೆಯವರೆಗೆ ನಾನು, ನನ್ನ ಎರಡು ಕೈ, ಒಂದು ಕಿಟಕಿ. ಮನೆಯ ಹತ್ತಿರ ಏನೇನು ಮಾಡಬಹುದು ಅಂತ ಕಿಂಗಾ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಎಲ್ಲಕ್ಕೂ ಹೋದೆ, ಯಾಜಾ. ಗ್ರಂಥಾಲಯಕ್ಕೆ ಹೋಗಿ, ಇಲ್ಲಿಯ ಭಾಷೆ ಬರದವನು, ಪುಸ್ತಕಗಳ ಚಿತ್ರ ನೋಡಿ ಬಂದೆ. ನಮ್ಮ ದೇಶದವರ ಅಂಗಡಿಯಲ್ಲಿ ಉಪ್ಪಿನಕಾಯಿ ಬಾಟಲಿಗಳ ಹತ್ತಿರ ನಿಂತು ಬಂದವರನ್ನೆಲ್ಲ ಮಾತಾಡಿಸಿದೆ. ಮೂರನೇ ದಿನ ಅಂಗಡಿಯಾಕೆ, "ಅಣ್ಣಾ, ಏನಾದ್ರೂ ತಗೋ, ಇಲ್ಲಾಂದ್ರೆ ಆ ಬಾಗಿಲಾದ್ರೂ ಹಿಡ್ಕೊ, ಗಿರಾಕಿಗಳು ಬರೋಕೆ ದಾರಿಯಾಗತ್ತೆ" ಅಂದಳು. ಹಿರಿಯರ ಚಹಾಕೂಟಕ್ಕೂ ಹೋದೆ. ಅಲ್ಲಿ ಚಹಾಕ್ಕೆ ಹಾಲು ಸುರಿದು ಕೆಡಿಸಿ ಕೊಡುತ್ತಾರೆ, ಅದನ್ನೂ ಕುಡಿದೆ. ಎದುರಿಗೆ ಕೂತಾಕೆ ಏನೋ ಹೇಳುತ್ತಿದ್ದಳು, ಪಕ್ಕದವರು ಮೆಲ್ಲಗೆ ನಕ್ಕರು, ನಾನೂ ಮರ್ಯಾದೆಗೆ ಜೋರಾಗಿ ನಕ್ಕೆ. ಎಲ್ಲರೂ ನನ್ನ ಮುಖ ನೋಡಿದರು. ಆಕೆ ತನ್ನ ಅಕ್ಕನನ್ನು ಮಣ್ಣು ಮಾಡಿ ಬಂದದ್ದನ್ನು ಹೇಳುತ್ತಿದ್ದಳು ಅಂತ ಆಮೇಲೆ ತಿಳಿಯಿತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಗಸ್ಟ್ ಕೊನೆಯಲ್ಲಿ ಒಂದು ಮಧ್ಯಾಹ್ನ ಕಿಂಗಾ ಡ್ಯೂಟಿ ಮುಗಿಸಿ ಬಂದಾಗ ಅವಳ ವಾಷಿಂಗ್ ಮಷಿನ್ ಅಡುಗೆಮನೆಯ ನೆಲದ ತುಂಬ ಬಿಚ್ಚಿಕೊಂಡು ಬಿದ್ದಿತ್ತು. ನಾನು ಅದರ ನಡುವೆ ಕೂತಿದ್ದೆ.

"ಅಪ್ಪಾ, ಇದು ಕೆಟ್ಟಿರ್ಲಿಲ್ಲ."

"ಗೊತ್ತು."

"ಮತ್ಯಾಕೆ ಬಿಚ್ಚಿದೆ?"

ಅವಳು ಚೀಲವನ್ನೂ ಕೆಳಗಿಡದೆ ಅಲ್ಲೇ ಗೋಡೆಗೊರಗಿ ಅತ್ತಳು. "ಆಸ್ಪತ್ರೇಲಿ ಹನ್ನೆರಡು ಜನರನ್ನ ನೋಡ್ಕೊಂಡು ಬರ್ತೀನಿ. ಬಾಗಿಲು ತೆಗೆಯೋವಾಗ ದಿನಾ ಭಯ ಆಗತ್ತೆ ಅಪ್ಪಾ, ಇವತ್ತು ನಿನ್ನ ಮುಖ ಹೇಗಿರತ್ತೋ ಅಂತ." ಯಾಜಾ, ಆಸರೆ ಕೊಡಲು ಬಂದವನ ಮುಖ ನೋಡಿ ಮಗಳು ಹೆದರುತ್ತಾಳೆ ಅಂದರೆ ಏನರ್ಥ? ರಾತ್ರಿಯೊಳಗೆ ಮಷಿನ್ ಜೋಡಿಸಿಟ್ಟೆ. ಮೊದಲಿಗಿಂತ ಸದ್ದು ಕಡಿಮೆಯಾಗಿದೆ, ಅದನ್ನು ಹೇಳಲೇಬೇಕು. ಮುಂದಿನ ತಿಂಗಳು ಊರಿಗೆ ಹೋಗುತ್ತೇನೆ ಅಂದೆ. ಅವಳು ಬೇಡ ಅನ್ನಲಿಲ್ಲ. ಆ ಮಾತು ನಿನಗೆ ನಾವಿಬ್ಬರೂ ಹೇಳಿಲ್ಲ.

ಅದಾದ ಮಂಗಳವಾರ ಸಂಜೆ ಮನೆಯಲ್ಲಿ ಇರಲಾರದೆ ಬೀದಿಗಿಳಿದೆ. ನಮ್ಮ ಬೀದಿಯ ತುದಿಯಲ್ಲಿ ಒಂದು ಸಣ್ಣ ಚರ್ಚು. ದಿನಾ ಅದರ ಮುಂದೆಯೇ ಹಾಯುತ್ತಿದ್ದೆ. ಅದು ಕಿಂಗಾಳ ಪಟ್ಟಿಯಲ್ಲಿರಲಿಲ್ಲ. ಮೇಲೆ ಗಂಟೆಗಳು ಮೊಳಗುತ್ತಿದ್ದವು, ಆದರೆ ಏನೋ ಕುಂಟುತ್ತಿತ್ತು. ಯಂತ್ರದ ಹಲ್ಲುಚಕ್ರದಲ್ಲಿ ಒಂದು ಹಲ್ಲು ಮುರಿದಾಗ ಹೇಗೆ ಕೇಳಿಸುತ್ತದೋ ಹಾಗೆ. ನನ್ನ ಎಡಗಿವಿಯನ್ನು ನಾನು ದುಡಿದ ಆ ರೈಲು ವರ್ಕ್‌ಶಾಪು ತಿಂದಿರಬಹುದು, ಬಲಗಿವಿ ಇನ್ನೂ ಮೆಕ್ಯಾನಿಕ್ಕನದೇ. ಪಕ್ಕದ ಗಿಡ್ಡ ಬಾಗಿಲು ತೆರೆದಿತ್ತು. ಸುತ್ತು ಮೆಟ್ಟಿಲು ಹತ್ತಿ ಹೋದರೆ ಒಂದು ಕೋಣೆ, ಸೂರಿನಿಂದ ಆರು ಹಗ್ಗ. ಐದು ಹಗ್ಗ ಐದು ಜನರ ಕೈಯಲ್ಲಿ, ಆರನೆಯದು ಸುತ್ತಿ ಮೊಳೆಗೆ ನೇತುಹಾಕಿತ್ತು.

ಅವರ ಮುಖ್ಯಸ್ಥೆ ಎನಿಡ್ ಅಂತ. ಎಪ್ಪತ್ತಾರು ವರ್ಷ, ಗುಬ್ಬಿಯಷ್ಟು ಮೈ, ಸಿಪಾಯಿಯಷ್ಟು ದನಿ. ನನ್ನನ್ನು ನೋಡಿ ಏನೋ ಅಂದರು. ಸ್ವಾಗತ ಅಂತ ತಿಳಿದು ತಲೆ ಬಾಗಿಸಿದೆ. 'ಗಾಳಿ ಬರ್ತಿದೆ, ಬಾಗಿಲು ಹಾಕಿ' ಅಂದಿದ್ದರಂತೆ. ಚಹಾ ಕೊಟ್ಟರು, ಅದೇ ಹಾಲಿನದು. ಆಮೇಲೆ ನನ್ನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು, ನಮ್ಮ ಕಡೆ ಸಂತೆಯಲ್ಲಿ ಕುದುರೆ ನೋಡಿದ ಹಾಗೆ. ಮೊಳೆಯಿಂದ ಆರನೆಯ ಹಗ್ಗ ಇಳಿಸಿ ನನ್ನ ಮುಂದೆ ಹಿಡಿದರು.

ಇಲ್ಲಿಯ ಗಂಟೆ ನಮ್ಮದರಂತೆ ಸುಮ್ಮನೆ ತೂಗಾಡುವುದಿಲ್ಲ. ಬಾಯಿ ಮೇಲೆ ಮಾಡಿ ನಿಂತಿರುತ್ತದೆ. ಎಳೆದರೆ ಒಂದು ಪೂರ್ತಿ ಸುತ್ತು ಹೊಡೆದು ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತದೆ. ನನ್ನ ಪಾಲಿಗೆ ಬಂದ ಗಂಟೆಯ ತೂಕ ನಾಲ್ಕು ಹಂದಿಯಷ್ಟು. ಇದು ಡಡ್ಲಿಯ ಅಳತೆ. ನನ್ನ ಪಕ್ಕದ ಹಗ್ಗ ಎಳೆಯುವ ಅವನು ಮಾಂಸದಂಗಡಿಯವನು. ಹಗ್ಗ ಮೇಲೇರುವಾಗ ಸರಿಯಾದ ಗಳಿಗೆಗೆ ಕೈ ಬಿಡಬೇಕು, ಇದರಲ್ಲಿ ಕಷ್ಟವಾದದ್ದು ಅದೊಂದೇ. ಎರಡನೇ ಮಂಗಳವಾರ ನಾನು ಬಿಡಲಿಲ್ಲ. ಎನಿಡ್ "ಬಿಡಿ, ಬಿಡಿ!" ಅಂತ ಕಿರುಚಿದರು. ವರ್ಕ್‌ಶಾಪಿನಲ್ಲಿ ಮೇಸ್ತ್ರಿ ಆ ದನಿಯಲ್ಲಿ ಕಿರುಚಿದರೆ 'ಗಟ್ಟಿಯಾಗಿ ಹಿಡಿ' ಅಂತಲೇ ಅರ್ಥ. ಹಿಡಿದೆ. ನಾಲ್ಕು ಹಂದಿ ಕೆಳಗೆ ಬಂದವು, ನಿನ್ನ ಗಂಡ ಮೇಲೆ ಹೋದ. ಆಳೆತ್ತರ ಹೋಗಿ, ಕೂರುವ ಜಾಗದ ಮೇಲೆಯೇ ಬಿದ್ದೆ. ಮೂಳೆ ಮುರಿಯಲಿಲ್ಲ, ಹೆದರಬೇಡ. ಹತ್ತು ದಿನ ಬೋರಲು ಮಲಗಿದೆ, ಅಷ್ಟೇ. ಆ ವಾರ ಫೋನಿನಲ್ಲಿ 'ನಿಂತುಕೊಂಡು ಊಟ ಮಾಡ್ತಿದ್ದೀಯಾ' ಅಂತ ನೀನು ಕೇಳಿದೆಯಲ್ಲ, ಅದಕ್ಕೆ ಕಾರಣ ಇದು.

ಕಿಂಗಾ ಕಂದಿದ ಮೈ ನೋಡಿದಳು. ಮುಂದಿನ ಮಂಗಳವಾರ ನರ್ಸಿನ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ನಿನ್ನದೇ ನಿಲುವು, ಎರಡು ಕೈ ಸೊಂಟದ ಮೇಲೆ.

"ನಮ್ಮಪ್ಪನ್ನ ಸೂರಿಗೆ ನೇತುಹಾಕಿದ್ದು ಯಾರು?"

"ನಾನೇ ಕಣಮ್ಮ. ಕೂತ್ಕೋ, ಚಹಾ ಕುಡೀತೀಯಾ?" ಅಂದರು ಎನಿಡ್.

"ಅವನಿಗೆ ಅರವತ್ನಾಲ್ಕು ವರ್ಷ. ಒಂದು ಕಿವಿ ಕೇಳಲ್ಲ. ನಿಮ್ಮ ಭಾಷೆ ಬರಲ್ಲ."

"ನನಗೆ ಎಪ್ಪತ್ತಾರು. ಇಲ್ಲಿ ಕಿವಿಗಿಂತ ಕಣ್ಣು ಮುಖ್ಯ. ಉಳಿದ ಐದು ಹಗ್ಗ ನೋಡ್ತಾ ತನ್ನದನ್ನ ಎಳೆಯೋಕಾಗತ್ತಾ ಕೇಳು. ಇನ್ನು ಭಾಷೆ, ಒಂದರಿಂದ ಆರರವರೆಗೆ ಎಣಿಸೋಕೆ ಬಂದ್ರೆ ಸಾಕು."

ಕಿಂಗಾ ಅದನ್ನು ನಮ್ಮ ಭಾಷೆಯಲ್ಲಿ ನನಗೆ ಹೇಳಿದಳು. ಮೂವತ್ತೈದು ವರ್ಷ ಕ್ರೇನಿನ ಕೆಳಗೆ ನಿಂತವನಿಗೆ ಕಣ್ಣು ಚುರುಕಿಲ್ಲದಿದ್ದರೆ ನೀನೇ ಹುಟ್ಟುತ್ತಿರಲಿಲ್ಲ ಅಂತ ಹೇಳು ಅಂದೆ. ಅವಳು ಹೇಳಿದಳು. ಡಡ್ಲಿ ನಕ್ಕು ನನ್ನ ಬೆನ್ನಿಗೆ ಗುದ್ದಿದ. ಈ ದೇಶಕ್ಕೆ ಬಂದ ಮೇಲೆ ನಾನು ಹೇಳಿದ್ದಕ್ಕೆ ಯಾರಾದರೂ ನಕ್ಕದ್ದು ಅದೇ ಮೊದಲು.

ಯಾಜಾ, ನಿಜವಾಗಿಯೂ ಆರು ಅಂಕೆ ಸಾಕು. ಎನಿಡ್ "ಮೂರು, ಐದಕ್ಕೆ" ಅನ್ನುತ್ತಾರೆ. ಅಂದರೆ ಮೂರನೇ ಗಂಟೆಯವರು ಇನ್ನು ಮೇಲೆ ಐದನೆಯದರ ಹಿಂದೆ ಬಾರಿಸಬೇಕು. ನೀನು ಅವನ ಹಗ್ಗ ನೋಡುತ್ತೀಯ, ಅವನು ಇನ್ನೊಬ್ಬಳದು ನೋಡುತ್ತಾನೆ. ಆರು ಜನರಲ್ಲಿ ಯಾರೂ ಮಾತಾಡುವುದಿಲ್ಲ, ಆದರೆ ಯಾರು ಏನು ಹೇಳುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ನಾಲ್ಕು ತಿಂಗಳು ಎಲ್ಲರ ಮಾತಿನ ಹೊರಗೆ ನಿಂತಿದ್ದವನಿಗೆ ಅದು ಹೇಗಿತ್ತು ಅಂತ ನನಗೆ ಬರೆಯಲು ಬರುತ್ತಿಲ್ಲ. ಆ ಹಗ್ಗ ಮೊದಲು ಹಿಡಿಯುತ್ತಿದ್ದವರು ಎರಡು ವರ್ಷದ ಹಿಂದೆ ಮಗನ ಜೊತೆ ನ್ಯೂಜಿಲೆಂಡಿಗೆ ಹೋದರಂತೆ. ಅಲ್ಲಿ ಹತ್ತಿರದಲ್ಲೆಲ್ಲೂ ಇಂಥ ಗಂಟೆಗಳಿಲ್ಲ, ದಿನ ಹೋಗುತ್ತಿಲ್ಲ ಅಂತ ಅವರು ಎನಿಡ್‌ಗೆ ಪೋಸ್ಟ್‌ಕಾರ್ಡು ಬರೆಯುತ್ತಿರುತ್ತಾರೆ. ಆ ಮುದುಕನ ಮುಖವನ್ನೇ ನೋಡಿಲ್ಲ, ಆದರೂ ಪಾಪ ಅನ್ನಿಸಿತು. ಅವರ ಮಗನಿಗೆ ಯಾರಾದರೂ ಹೇಳಬೇಕು, ವಾಷಿಂಗ್ ಮಷಿನ್ನಿಗೆ ಬೀಗ ಹಾಕು ಅಂತ.

ಈಗ ಮೊನ್ನೆಯ ಭಾನುವಾರದ ವಿಷಯ. ಇಲ್ಲಿ ಅದು ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಶನಿವಾರ ಸಂಜೆ, ಕಿಂಗಾ ರಾತ್ರಿ ಪಾಳಿಗೆ ಹೊರಟ ಮೇಲೆ, ಎನಿಡ್ ಬಂದು ಬಾಗಿಲು ತಟ್ಟಿ ನನ್ನ ಎದೆಗೆ ಬೆರಳಿಟ್ಟು "ನಾಳೆ" ಅಂದರು. ಆ ಒಂದು ಮಾತು ನನಗೆ ಅರ್ಥವಾಗುತ್ತದೆ. ಅಲ್ಲಿಯವರೆಗೆ ನಾನು ಬಾರಿಸಿದ್ದೆಲ್ಲ ಮಂಗಳವಾರದ ಅಭ್ಯಾಸ. ಬೆಳಿಗ್ಗೆ ಕೋಟು ಇಸ್ತ್ರಿ ಮಾಡಿಕೊಂಡು, ಮಿಲೆನಾಳನ್ನು ಕೆಳಗೆ ಡಡ್ಲಿಯ ಹೆಂಡತಿಯ ಪಕ್ಕ ಕೂರಿಸಿ ಮೇಲೆ ಹೋದೆ. ಆ ದಿನ ಗಂಟೆಯ ನಾಲಗೆಯ ಒಂದು ಬದಿಗೆ ಚರ್ಮ ಕಟ್ಟುತ್ತಾರೆ. ಒಂದು ಹೊಡೆತ ಜೋರಾಗಿ ಬೀಳುತ್ತದೆ, ಮುಂದಿನದು ಗುಡ್ಡದಾಚೆಯಿಂದ ಬಂದಂತೆ ಕೇಳಿಸುತ್ತದೆ. ಒಂದು ನನ್ನ ಬಲಗಿವಿಗೆ, ಒಂದು ಎಡಗಿವಿಗೆ ಅಂತ ಯಾರೋ ಹಂಚಿದ ಹಾಗಿತ್ತು. ನನಗೆ ಅಪ್ಪ ನೆನಪಾದ, ಯುದ್ಧದಲ್ಲಿ ಸತ್ತ, ಅಪ್ಪ ಎಂದೂ ಹೆಸರೆತ್ತದ ಅವನ ಇಬ್ಬರು ಅಣ್ಣಂದಿರು ನೆನಪಾದರು. ಅಷ್ಟರಲ್ಲಿ ಎನಿಡ್ ಒಂದು ಅಂಕೆ ಕೂಗಿದರು, ನಾನು ತಪ್ಪಿದೆ. ನನ್ನ ಗಂಟೆ ಡಡ್ಲಿಯದರ ಮೇಲೆಯೇ ಬಿತ್ತು. ಢಣ್ ಅಂದದ್ದು ಊರಿಗೆಲ್ಲ ಕೇಳಿಸಿರಬೇಕು. ಅಂಥ ದಿನ, ಕೆಳಗೆ ಪದಕ ಹಾಕಿಕೊಂಡ ಮುದುಕರು ನಿಂತಿದ್ದಾರೆ. ಹಗ್ಗ ಬಿಟ್ಟು ಮೆಟ್ಟಿಲಿಳಿದು ನೇರ ತಾರ್ನುವ್‌ವರೆಗೆ ಓಡಿಬಿಡೋಣ ಅನ್ನಿಸಿತು. ಎನಿಡ್ ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಲೆಷೆಕ್, ಎರಡರ ಹಿಂದೆ" ಅಂದರು, ಅಷ್ಟೇ. ಎರಡನೆಯ ಹಗ್ಗ ಹಿಡಿದ ಹುಡುಗಿ ನನ್ನನ್ನೇ ನೋಡುತ್ತ ತಲೆಯಾಡಿಸಿದಳು. ಅವಳ ಕೈ ಇಳಿಯಿತು, ನನ್ನದೂ ಇಳಿಯಿತು. ಕೊನೆಯವರೆಗೆ ಮತ್ತೆ ತಪ್ಪಲಿಲ್ಲ.

ಕೆಳಗಿಳಿದರೆ ಬಾಗಿಲ ಬಳಿ ಕಿಂಗಾ. ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣು. "ಮನೆಗೆ ಬಂದ್ರೆ ಬೀಗ ಹಾಕಿದೆ. ನಿಮ್ಮಿಬ್ಬರನ್ನ ಹುಡುಕ್ತಾ ಬೀದಿಗಿಳಿದೆ. ಆಮೇಲೆ ಗಂಟೆ ಕೇಳಿಸ್ತು" ಅಂದಳು. "ಆ ಢಣ್ ಅಂದಿದ್ದು ನೀನೇ ತಾನೇ?" ಅಂತ ಕೇಳಿದಳು. ಹೇಗೆ ಗೊತ್ತಾಯಿತು ಅಂದೆ. "ಬೀದಿಗೆಲ್ಲ ಗೊತ್ತಾಯ್ತಪ್ಪ" ಅಂತ ನಗುತ್ತ ನನ್ನ ಕೋಟಿಗೆ ಮುಖ ಒತ್ತಿಕೊಂಡಳು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಸೆಪ್ಟೆಂಬರಿನಿಂದ ಮುಂದೆ ಹಾಕುತ್ತ ಬಂದಿದ್ದ, ಊರಿಗೆ ಹೋಗುವ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಧ್ಯಾಹ್ನ ಅವಳು ಸಂಜೆಯವರೆಗೆ ಒಂದೇ ಸಮ ನಿದ್ದೆ ಮಾಡಿದಳು. ಮಿಲೆನಾಗೆ ನಾನು ಆಲೂಗಡ್ಡೆ ದೋಸೆ ಹುಯ್ದು ಕೊಟ್ಟೆ, ನಿನ್ನಷ್ಟು ತೆಳ್ಳಗೆ ಬರಲಿಲ್ಲ.

ಹೊತ್ತಾಯಿತು, ಶಾಲೆ ಬಿಡುವ ವೇಳೆ. ಅತ್ತೆಯ ಕೈಗೆ ನನ್ನ ಮುತ್ತು. ಮಾರಿಲಾಗೆ ನೆನಪು. ಆ ಭುಜದ ಮೇಲೆ ಭಾರ ಹೊರಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನ್ನ ಮೇಲೆ ಸಿಟ್ಟು ಬರದಂತೆಯೂ ಇಟ್ಟಿರಲಿ.

ನಿನ್ನವನೇ,
ಲೆಷೆಕ್

ಮರೆತೆ: ಕ್ರಿಸ್‌ಮಸ್ಸಿಗೆ ನಾನು ಊರಿಗೆ ಬರುತ್ತೇನೆ, ಅದು ನಿನಗೆ ಗೊತ್ತು. ಆದರೆ ಇಪ್ಪತ್ತೇಳಕ್ಕೆ ವಾಪಸು ಹೊರಡುವಾಗ ಎರಡು ಟಿಕೆಟ್ ಇವೆ, ಒಂದು ನಿನ್ನ ಹೆಸರಿನದು. ಮೂರು ವಾರಕ್ಕೆ. ಮಾರಿಲಾ ಬಂದು ಅತ್ತೆಯ ಜೊತೆ ಇರುತ್ತಾಳೆ, ಒಪ್ಪಿಸಿದ್ದೇನೆ. ಹನ್ನೊಂದು ವರ್ಷದಿಂದ ನೀನು ಆ ಮನೆಯಿಂದ ಒಂದು ರಾತ್ರಿಯೂ ಆಚೆ ಮಲಗಿಲ್ಲ, ಅದು ನನಗೆ ಇಲ್ಲಿ ಬಂದು ಕೂತ ಮೇಲೆ ತಲೆಗೆ ಹೊಳೆಯಿತು, ಕ್ಷಮಿಸು. 'ಅಮ್ಮ ಬಿಡಲ್ಲ' ಅಂತ ನೀನು ಹೇಳುತ್ತೀಯ ಅಂತ ಗೊತ್ತಿದ್ದೇ ಕಳೆದ ವಾರ ನೀನು ಬ್ರೆಡ್ಡು ತರಲು ಹೋದಾಗ ಅತ್ತೆಗೇ ಫೋನ್ ಮಾಡಿ ಕೇಳಿದೆ. ಅವರು ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಕರ್ಕೊಂಡ್ ಹೋಗಪ್ಪ, ಪುಣ್ಯ ಬರತ್ತೆ. ಮೂರು ವಾರನಾದ್ರೂ ಉಪ್ಪು ಹಾಕಿದ ಊಟ ಮಾಡ್ತೀನಿ."