ಇಂದ್ರವ್ವನ ಸೆರಗಿನ ಪಟ್ಟೆಗಳು

ಹೊಸ ಕಮತಗಿ,
ಫೆಬ್ರವರಿ ೩೦, ೨೪೧೭

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ; ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ.

ನಾವು ನೇಕಾರರು. ನಮ್ಮೂರಿನಲ್ಲಿ ಮದುವೆ ಸೀರೆಯ ಸೆರಗಿನ ಪಟ್ಟೆಗಳನ್ನು ಮನುಷ್ಯರು ಬರೆಯುವುದಿಲ್ಲ, ಬೆಳಕು ಬರೆಯುತ್ತದೆ. ಕತ್ತಲೆ ಕೋಣೆಯಲ್ಲಿ ಕಾಳುದೀಪ ಇಡುತ್ತೇವೆ. ಅದು ಬೆಳಕನ್ನು ಒಂದೊಂದೇ ಕಾಳಾಗಿ ಬಿಡುವ ದೀಪ. ಅದರ ಮುಂದೆ ಒಂದು ತಗಡು. ತಗಡಿನಲ್ಲಿ ಕೂದಲೆಳೆಯಂಥ ಎರಡು ಸೀಳು. ಒಂದಕ್ಕೆ ತವರುಕಿಂಡಿ, ಇನ್ನೊಂದಕ್ಕೆ ಅತ್ತೆಕಿಂಡಿ ಎಂದು ಹೆಸರು. ಆಚೆಗಿನ ಹಾಳೆಯ ಮೇಲೆ ಪ್ರತಿ ಕಾಳೂ ಒಂದೇ ಚುಕ್ಕೆಯಾಗಿ ಬೀಳುತ್ತದೆ. ಮೊದಮೊದಲು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ. ಅರ್ಧ ದಿನ ಕಳೆದರೆ ಅವೇ ಚುಕ್ಕೆಗಳು ಸೇರಿ ಪಟ್ಟೆಗಳಾಗಿರುತ್ತವೆ, ಕೆರೆಯಲ್ಲಿ ಎರಡು ಅಲೆಗಳು ಒಂದರೊಳಗೊಂದು ಹಾಯ್ದ ಹಾಗೆ. ಒಂಟಿ ಕಾಳಿಗೆ ಎರಡೂ ಕಿಂಡಿಗಳ ಸುದ್ದಿ ಹೇಗೆ ತಿಳಿಯುತ್ತದೋ, ನಮಗೆ ಇನ್ನೂ ಬೆರಗು.

ಮೊನ್ನೆ ನನ್ನ ಅಕ್ಕ ಇಂದ್ರವ್ವನ ಹಾಳೆ ಇಟ್ಟಿದ್ದೆವು. ಆ ರಾತ್ರಿಯೊಳಗೆ ನಾನು ಮಗ್ಗಕ್ಕೆ ಕೂರದಿದ್ದರೆ ಮದುವೆಗೆ ಸೀರೆ ಮುಗಿಯುತ್ತಿರಲಿಲ್ಲ. ಪಟ್ಟೆಯ ಸೆರಗಿಲ್ಲದೆ ನಮ್ಮಲ್ಲಿ ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವುದಿಲ್ಲ. ಮಧ್ಯಾಹ್ನ ಹೋಗಿ ನೋಡಿದರೆ ಹಾಳೆಯ ಮೇಲೆ ಪಟ್ಟೆಯೇ ಇಲ್ಲ, ಬರೀ ಮಸುಕು. ತಗಡಿನ ಪಕ್ಕದಲ್ಲಿ ವರನ ಸೋದರತ್ತೆ ತಿಪ್ಪವ್ವ ಕಾವಲುಕಣ್ಣು ಹೂಡಿಕೊಂಡು ಕೂತಿದ್ದರು. ಯಾವ ಕಾಳು ಯಾವ ಕಿಂಡಿಯಿಂದ ದಾಟಿತೆಂದು ಹೇಳುವ ಯಂತ್ರ ಅದು.

“ಯಾರ ಕಿಂಡ್ಯಾಗಿಂದ ಹೆಚ್ಚು ಬರ್ತಾವ ನೋಡಾಕತ್ತೀನವ್ವ,” ಎಂದರು. “ನಾಳೆ ಮನ್ಯಾಗ ಯಾರ ಮಾತು ನಡಿತೈತಿ ಅಂತ ಈಗ ಗೊತ್ತಾದ್ರ ಚಲೋ ಅಲ್ಲೇನು?”

ಅಕ್ಕ ನಕ್ಕಳು.

“ಅತ್ತಿ, ನೀವು ಕಿಂಡಿ ಕಾಯ್ಕೋತ ಕುಂತ್ರ ಪಟ್ಟಿ ಮೂಡಂಗಿಲ್ಲ. ನಿಮಗ ಲೆಕ್ಕ ಬೇಕೋ, ಸೊಸಿ ಬೇಕೋ?”

ತಿಪ್ಪವ್ವ ಯಂತ್ರವನ್ನು ಕಳಚಿ ಎದ್ದರು. “ಲೆಕ್ಕ ಇನ್ನ ಯಾಕ ಬೇಕು? ಯಾರ ಮಾತು ನಡಿತೈತಿ ಅಂತ ಗೊತ್ತಾತಲ್ಲ.”

ಹೊಸ ಹಾಳೆ ಇಟ್ಟು ಬಾಗಿಲು ಮುಚ್ಚಿದೆವು. ಯಾರೂ ಇಣುಕಲಿಲ್ಲ. ರಾತ್ರಿ ಊಟದ ಹೊತ್ತಿಗೆ ಪಟ್ಟೆಗಳು ಮೂಡಿದ್ದವು. ಕೈ ತೊಳೆದವಳೇ ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಮಗ್ಗಕ್ಕೆ ಕೂತೆ.

ಬೆಳಕು ಕಾಳೋ ಅಲೆಯೋ ಎಂದು ನಿಮ್ಮ ಕಾಲದವರು ಬಹಳ ವಾದ ಮಾಡುತ್ತಿದ್ದರಂತೆ. ನನ್ನದೊಂದು ಬೇಡಿಕೆ: ನೀವೂ ಒಮ್ಮೆ ಕಿಂಡಿಯನ್ನು ಕಾಯದೆ ಬಿಟ್ಟು, ಹಾಳೆಯನ್ನಷ್ಟೇ ನೋಡಿ. ಬಹಳ ಚೆಂದ ಇರುತ್ತದೆ.

ಸೆರಗು ಅರ್ಧ ಮುಗಿದಿದೆ. ತಿಪ್ಪವ್ವ ಬಂದು ಬಂದು ನೋಡುತ್ತಾರೆ. ನೋಡಲಿ, ನೆಯ್ದ ಪಟ್ಟೆ ಎಷ್ಟು ನೋಡಿದರೂ ಅಳಿಸುವುದಿಲ್ಲ.

ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಪೈಕಿ,
ಕಸ್ತೂರೆವ್ವ