ಹನ್ನೊಂದನೇ ಗೇಟಿನ ಒಪ್ಪಂದ

ಮಾರ್ಚ್ 4, ಮಂಗಳವಾರ

ರಂಜಾನಿನ ಮೂರನೇ ರೋಜಾ. ಬೆಳಿಗ್ಗೆ ಸಾಹೇಬರನ್ನು ಹುಕ್ಕೇರಿಯಿಂದ ಕರೆದುಕೊಂಡು ನಿಡಸೋಸಿಗೆ. ಬೊಲೆರೊದ ಹಿಂದಿನ ಟೈರು ಮತ್ತೆ ಗಾಳಿ ಬಿಡುತ್ತಿದೆ. ಪಂಕ್ಚರ್ ಅಲ್ಲ, ವಾಲ್ವ್.

ಕಾಲೇಜಿನ ಬಾಗಿಲಲ್ಲೇ ದೊಡ್ಡ ಬ್ಯಾನರ್ – ಕರ್ನಲ್ ರಾವಸಾಹೇಬ (ನಿವೃತ್ತ), ‘ಸೇನಾನಿಗಳು ಮತ್ತು ರಾಜತಂತ್ರ’. ಮಹಾದಜಿ ಶಿಂಧೆಯಿಂದ ಶುರು, ನಡುವೆ ಐಸೆನ್‌ಹೋವರ್, ಕೊನೆಗೆ ಯಾವಾಗಲೂ ಆಫ್ರಿಕಾ. ಶಾಂತಿಪಡೆಯ ದಿನಗಳು. ಮರದ ಕೆಳಗೆ ಮೂರು ದಿನ, ಎರಡು ಕಡೆಯ ಬಂದೂಕು, ನಡುವೆ ಸಾಹೇಬರೊಬ್ಬರೇ, ಒಂದು ಒಪ್ಪಂದ. ಹುಡುಗರು ಎದ್ದು ನಿಂತು ಚಪ್ಪಾಳೆ ಹೊಡೆದರು. ಹಿಂದೆ ಗೋಡೆಗೆ ಒರಗಿದ್ದ ನಾನೂ ಹೊಡೆದೆ. ಹದಿನೆಂಟು ವರ್ಷ ಅವರ ಕೈಕೆಳಗೆ ಹವಾಲ್ದಾರ, ಈಗ ಆರು ವರ್ಷದಿಂದ ಡ್ರೈವರ್. ಕೈ ತಾನಾಗಿ ಹೊಡೆಯುತ್ತದೆ.

ವಾಪಸ್ ಬರುವಾಗ ಖುಷಿಯಲ್ಲಿದ್ದರು. ಕೆನಾಲ್ ನೀರಿನ ಜಗಳ ಬಗೆಹರಿಸುವ ಸಮಿತಿಗೆ ಅವರೇ ಮುಖ್ಯಸ್ಥರಂತೆ. ಮೇಲೆ ಹುಕ್ಕೇರಿ ಕಡೆಯ ಕಬ್ಬಿನವರು, ಕೆಳಗೆ ಮೂಡಲಗಿಯವರು. ಮೇಲಿನವರು ಗೇಟು ತೆಗೆಯಲು ಬಿಡುವುದಿಲ್ಲ. ಕೆಳಗಿನವರ ಪಾಲಿನ ನೀರು ಎರಡು ತಿಂಗಳಿಂದ ಬಂದಿಲ್ಲ.

“ಇದೊಂದು ಕೂಡಿಸಿದ್ವಿ ಅಂದ್ರ ಮುಂದಿನ ಎಲೆಕ್ಷನ್ನಿಗೆ ನಾ ಯಾರ ಬಾಗಲಕ್ಕೂ ಹೋಗೋದು ಬ್ಯಾಡ, ಶಬ್ಬೀರ. ಅವರ ಬರ್ತಾರ.”

“ಹೌದ್ರಿ ಸಾಹೇಬ್ರ” ಅಂದೆ.

ಮಾರ್ಚ್ 9, ರವಿವಾರ

ಸಾಹೇಬರ ಗೋಕಾಕದ ಬಂಗಲೆಯಲ್ಲಿ ಸಭೆ. ಹುಕ್ಕೇರಿ ಕಡೆಯಿಂದ ಮಾಳಪ್ಪ, ಅವನ ತಮ್ಮ, ಮೂವತ್ತು ಜನ. ಟ್ರ್ಯಾಕ್ಟರಿನಲ್ಲಿ ಮೇವಿನ ಕೆಳಗೆ ಕೊಡಲಿಗಳು. ನೋಡಿದೆ. ಮೂಡಲಗಿಯಿಂದ ಲಕ್ಕಪ್ಪನ ಗುಂಪು. ಅವರ ಕೈಯಲ್ಲಿ ಹಾರೆ, ಮುಚ್ಚಿಟ್ಟಿರಲೂ ಇಲ್ಲ.

ಸಾಹೇಬರು ಇಬ್ಬರನ್ನೂ ಎದುರುಬದುರು ಕೂರಿಸಲಿಲ್ಲ. ಬೇರೆ ಬೇರೆ ಕೋಣೆ. ಬಾಗಿಲ ಕಾವಲು ನಾನು. ಎರಡೂ ಕೋಣೆಯ ಮಾತು ಕಿವಿಗೆ ಬಿತ್ತು.

ಮಾಳಪ್ಪನಿಗೆ: “ಇಪ್ಪತ್ತನೇ ತಾರೀಖಿನ ಮಟ ಗೇಟು ತೆಗೆಯೋದಿಲ್ಲ. ನನ್ನ ಮಾತು.”

ಲಕ್ಕಪ್ಪನಿಗೆ: “ಹದಿಮೂರಕ್ಕ ನೀರು ಬಿಡ್ತೀನಿ. ನನ್ನ ಮಾತು.”

ಇಬ್ಬರೂ ಕೈ ಮುಗಿದು ಹೋದರು. ಗಾಡಿಯಲ್ಲಿ ತಡೆಯಲಾರದೆ ಕೇಳಿದೆ.

“ಸಾಹೇಬ್ರ, ಎರಡೂ ಹೆಂಗ ಆಗ್ತೈತ್ರಿ?”

“ನೀರು ಒಮ್ಮೆ ಹೊಂಟಿತು ಅಂದ್ರ ಮಾಳಪ್ಪ ಏನ್ ಮಾಡ್ತಾನ? ಒದರ್ತಾನ. ಒದರಿ ನನ್ನ ಕಡೆ ಬರ್ತಾನ. ಆವಾಗ ಮಾತು ಶುರು. ನಿನಗ ತಿಳಿಯೂದಿಲ್ಲ, ಗಾಡಿ ಹೊಡಿ.”

ಮಾರ್ಚ್ 12, ಬುಧವಾರ, ಮಧ್ಯಾಹ್ನ

ಸಾಹೇಬರು ಕರೆದು ಹೇಳಿದರು: “ಕೇದಾರಿಗೆ ಹೇಳಿ ಬಾ. ನಾಳೆ ಮುಂಜಾನೆ ಆರಕ್ಕ ಹನ್ನೊಂದನೇ ಗೇಟು ಪೂರ್ತಿ ತೆಗಿ ಅಂತ. ಫೋನ್ ಬ್ಯಾಡ. ಖುದ್ದ ಹೋಗು.”

ಹೋದೆ. ಕೇದಾರಿ ಗೇಟು ಕಾಯುವವನು. ಮೂವತ್ತನಾಲ್ಕು ವರ್ಷ, ತೆಳ್ಳಗೆ. ಬೆಲ್ಲದ ಬಾಗೇವಾಡಿಯ ಮನೆ ಮುಂದೆ ಸೈಕಲ್ ಚೈನಿಗೆ ಎಣ್ಣೆ ಹಾಕುತ್ತಿದ್ದ. ಅವನ ಹೆಂಡತಿ ಆಮ್ರಪಾಲಿ ನೀರು ತಂದಳು. ರೋಜಾ ಎಂದೆ. ಅವನ ತಾಯಿ ಸಾವಂತ್ರೆವ್ವ ಒಳಗಿನಿಂದ ಚಾಪೆ ತಂದು ಹಾಸಿ, “ಬಿಸಲಾಗ ನಿಂದರಬ್ಯಾಡ್ರಿ ಫೌಜಿಯಣ್ಣಾ” ಎಂದು ಮತ್ತೆ ಒಳಗೆ ಹೋದಳು.

ಕೇದಾರಿ ಕೇಳಿ ಸೈಕಲ್ ಬಿಟ್ಟು ಎದ್ದ. ಎಣ್ಣೆಯ ಕೈ ಒರೆಸಿಕೊಂಡ.

“ಕಾಕಾ, ಮಾಳಪ್ಪನ ಮಂದಿ ಕಡದ ಹಾಕ್ತಾರ್ರಿ. ಚೀಟಿ ಏನರ ಕೊಟ್ಟಾರೇನ್ರಿ ಸಾಹೇಬ್ರು?”

“ನಾನ ಚೀಟಿ ಅಂತ ತಿಳಕೋ.”

ನಕ್ಕ. ಆಯ್ತು ಅಂದ.

ಮಾರ್ಚ್ 13, ಗುರುವಾರ

ಆದದ್ದು ಆದಂತೆ ಬರೆಯಬೇಕು.

ಆರಕ್ಕೆ ಗೇಟು ತೆಗೆದ. ಆರೂವರೆಗೆ ಮಾಳಪ್ಪನ ಜನ ಬಂದರು. ಲಕ್ಕಪ್ಪನವರು ಮೊದಲೇ ಕೆನಾಲ್ ದಂಡೆಯ ಮೇಲೆ ಕೂತಿದ್ದರು, ನೀರು ನೋಡಲೆಂದು. ಸಾಹೇಬರು ದೂರದಿಂದ ನೋಡಿ ಬಾ ಎಂದು ಕಳಿಸಿದ್ದರು. ಸೇತುವೆಯ ಮೇಲೆ ಗಾಡಿ ನಿಲ್ಲಿಸಿದ್ದೆ.

ಬೈಗುಳ. ಕಲ್ಲು. ಆಮೇಲೆ ಯಾರ ಕೈಯಲ್ಲಿ ಏನಿತ್ತೊ ತಿಳಿಯಲಿಲ್ಲ. ಮಾಳಪ್ಪನ ತಮ್ಮ ಎಲ್ಲರಿಗಿಂತ ಮುಂದಿದ್ದ. ಗೇಟಿನ ಚಕ್ರ ಹಿಡಿದು ಮುಚ್ಚಲು ಬಾಗಿದ. ಹಿಂದಿನಿಂದ ಹಾರೆ ಬಿತ್ತು, ಕುತ್ತಿಗೆಗೆ. ಎರಡನೇದು ತಲೆಗೆ. ಚಕ್ರದ ಮೇಲೇ ಬಿದ್ದ. ಕೆಳಗಿನ ನೀರು ಸ್ವಲ್ಪ ದೂರ ಕೆಂಪಾಗಿ ಹರಿದು ಮತ್ತೆ ಮಣ್ಣಿನ ಬಣ್ಣಕ್ಕೆ ತಿರುಗಿತು.

ಆಮೇಲೆ ಕೊಡಲಿಗಳು. ಲಕ್ಕಪ್ಪನ ಕಡೆಯ ಒಬ್ಬನ ಮೊಣಕೈ ಕೆಳಗಿನ ಭಾಗ ಚರ್ಮದ ಮೇಲೆ ಜೋಲಾಡುತ್ತಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಓಡುತ್ತಿದ್ದ. ಕಬ್ಬಿನ ಗದ್ದೆಗೆ ಬೆಂಕಿ. ಇನ್ನೊಬ್ಬ ಮುದುಕನನ್ನು ಕೆನಾಲಿಗೆ ತಳ್ಳಿ, ಮೇಲೆ ಬಂದಾಗಲೆಲ್ಲ ಕೋಲಿನಿಂದ ಒತ್ತುತ್ತಿದ್ದರು. ಇಳಿದು ಓಡಿದೆ. ತಲುಪುವಷ್ಟರಲ್ಲಿ ಮೇಲೆ ಬರುವುದನ್ನು ನಿಲ್ಲಿಸಿದ್ದ.

ಕೇದಾರಿ ಕಬ್ಬಿನೊಳಗೆ ನುಗ್ಗಿ ತಪ್ಪಿಸಿಕೊಂಡ. ಮಧ್ಯಾಹ್ನ ಮೂರಕ್ಕೆ ಅಂಕಲಗಿಯ ನಮ್ಮ ಹಿತ್ತಿಲಲ್ಲಿ ನಿಂತಿದ್ದ. ಕಾಲಲ್ಲಿ ಚಪ್ಪಲಿಯಿಲ್ಲ, ಮೈತುಂಬ ಕಬ್ಬಿನ ಗರಿ ಗೀರಿದ ಗಾಯ. ನನ್ನ ಹೆಂಡತಿ ಮೈನಾಬಿ ಒಂದು ಮಾತೂ ಕೇಳದೆ ಒಳಗೆ ಕರೆದುಕೊಂಡಳು.

ಮಾರ್ಚ್ 14

ಎರಡು ಹೆಣ, ಹತ್ತೊಂಬತ್ತು ಜನ ಆಸ್ಪತ್ರೆಯಲ್ಲಿ. ಮೂಡಲಗಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಸುಟ್ಟಿದ್ದಾರೆ. ಎಲ್ಲರ ಬಾಯಲ್ಲಿ ಒಂದೇ ಪ್ರಶ್ನೆ – ಗೇಟು ತೆಗಿ ಅಂದವರು ಯಾರು?

ಸಾಹೇಬರು ಟಿವಿಯವರ ಮುಂದೆ: “ತನಿಖೆ ಆಗ್ಲಿ. ತಪ್ಪು ಮಾಡಿದವರನ್ನ ಬಿಡೂದಿಲ್ಲ.” ನಾನು ಕ್ಯಾಮೆರಾದ ಬಾಜೂ ಕಾರಿನ ಬಾಗಿಲು ಹಿಡಿದು ನಿಂತಿದ್ದೆ. ನನ್ನತ್ತ ಒಮ್ಮೆಯೂ ನೋಡಲಿಲ್ಲ.

ಮಾರ್ಚ್ 16, ರವಿವಾರ

ಕೇದಾರಿ ಅಟ್ಟದ ಮೇಲೆ. ಊಟ ಮಾಡುತ್ತಾನೆ, ತಟ್ಟೆ ತಾನೇ ತೊಳೆಯುತ್ತಾನೆ. ನನ್ನನ್ನು ಏನೂ ಕೇಳುವುದಿಲ್ಲ. ಅದೇ ಕಷ್ಟ.

ಆಫ್ರಿಕಾದ ಸಂಗತಿ ಇಷ್ಟು ವರ್ಷ ಎಲ್ಲೂ ಬರೆದಿಲ್ಲ. ಇವತ್ತು ಬರೆಯುತ್ತೇನೆ.

ಮರದ ಕೆಳಗಿನ ಮೂರನೇ ದಿನ ಒಂದು ಕಡೆಯವರು ಒಂದು ಷರತ್ತು ಹಾಕಿದರು. ನಮ್ಮ ಕ್ಯಾಂಪಿನಲ್ಲಿ ಆಶ್ರಯ ಪಡೆದಿದ್ದ ಒಬ್ಬ ಸಾಲಿ ಮಾಸ್ತರ ಬೇಕು ಅವರಿಗೆ. ಅವರ ಸುಳಿವು ಎದುರಾಳಿಗೆ ಕೊಟ್ಟ ಅಂತ. ಕೊಟ್ಟಿರಲಿಲ್ಲ. ಸಾಹೇಬರಿಗೂ ಗೊತ್ತಿತ್ತು. ‘ವಿಚಾರಣೆ ಮಾಡಿ ಬಿಡುತ್ತಾರೆ’ ಎಂದು ಹೇಳಿ ಮಾಸ್ತರನನ್ನು ಹೊರಗೆ ಕಳಿಸಿದರು. ಕ್ಯಾಂಪಿನ ಬಾಗಿಲು ತೆಗೆದವನು ನಾನು. ಥ್ಯಾಂಕ್ಯೂ ಎಂದು ಹೇಳಿ ಹೋದ. ನೂರು ಹೆಜ್ಜೆಯೂ ಆಗಿರಲಿಲ್ಲ. ಮೊದಲು ಕಾಲುಗಳಿಗೆ ಹೊಡೆದರು. ತೆವಳುತ್ತ ನಮ್ಮ ಬಾಗಿಲ ಕಡೆಗೇ ಬರುತ್ತಿದ್ದ. ಆಮೇಲೆ ಕತ್ತಿ.

ಬಾಗಿಲು ಮುಚ್ಚು ಅಂದರು ಸಾಹೇಬರು. ಮುಚ್ಚಿದೆ. ಸಂಜೆ ಸಹಿ ಆಯಿತು. ಸಾವಿರಾರು ಜನ ಬದುಕಿದರು – ಅದೂ ಖರೆ. ಅದಕ್ಕೇ ಇಷ್ಟು ವರ್ಷ ಚಪ್ಪಾಳೆ ಹೊಡೆದೆ.

ಮಾರ್ಚ್ 17, ಸೋಮವಾರ

ಸಾಹೇಬರೇ ಮನೆಗೆ ಬಂದರು. ಯಾರು ಹೇಳಿದರೋ. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕೂತು, ಮೈನಾಬಿಯ ಆರೋಗ್ಯ ವಿಚಾರಿಸಿ, ಆಮೇಲೆ ಕೇದಾರಿಯನ್ನು ಕರೆಸಿದರು. ಹೆಗಲ ಮೇಲೆ ಕೈ ಇಟ್ಟರು.

“ಹೆದರಬ್ಯಾಡ. ನಾಳೆ ಹನ್ನೊಂದಕ್ಕ ಬಂಗಲೆಕ ಬಾ. ಪೊಲೀಸ್ ಜೀಪ್ ಇರ್ತೈತಿ. ಒಂದ್ ಹೇಳಿಕಿ ಕೊಡು, ಸಂಜಿಗೆ ನಿಮ್ಮವ್ವನ ಕಡೆ ಇರ್ತಿ.”

“ನೀವು ಹೇಳಿದ್ದಕ್ಕ ತಗದೆ ಅಂತ ಹೇಳ್ಲ್ಯಾ ಸಾಹೇಬ್ರ?”

“ಇದ್ದದ್ದ ಹೇಳು.”

ಹೋದ ಮೇಲೆ ಮೈನಾಬಿ ಬಾಗಿಲಿಗೆ ಅಡ್ಡ ನಿಂತಳು. “ಕಳಸಬ್ಯಾಡ್ರಿ. ಆ ಮನಷ್ಯಾ ನಮ್ಮ ಮನ್ಯಾಗ ನೀರ ಸುದ್ದಾ ಕುಡೀಲಿಲ್ಲ.”

ರೋಜಾ ಇದೆ, ನಮ್ಮ ಮುಂದೆ ಹೇಗೆ ಕುಡಿಯುತ್ತಾರೆ ಎಂದು ವಾದಿಸಿದೆ. ಜೀಪ್ ಇರುತ್ತದೆ ಎಂದೆ. ನನಗೇ ಹೇಳಿಕೊಂಡೆನೇನೊ.

ಮಾರ್ಚ್ 27, ಗುರುವಾರ. ಗೋಕಾಕ, ಆಸ್ಪತ್ರೆ

ಬಲಗೈ ಹೆಬ್ಬೆರಳಿಗೆ ಪ್ಲಾಸ್ಟರ್. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮುಂದಿನ ಎರಡು ಹಲ್ಲಿಲ್ಲ. ಪಕ್ಕೆಲುಬು ಮೂರು ಮುರಿದಿವೆ.

ಹದಿನೆಂಟಕ್ಕೆ ಕೇದಾರಿಯನ್ನು ಬಂಗಲೆಗೆ ಕರೆದುಕೊಂಡು ಹೋದೆ. ಜೀಪ್ ಇರಲಿಲ್ಲ. ನಾವು ಒಳಗೆ ಹೋದ ಕೂಡಲೇ ಬಂಗಲೆಯ ಗೇಟು ಹಿಂದಿನಿಂದ ಮುಚ್ಚಿತು. ಅಂಗಳದಲ್ಲಿ ಮಾಳಪ್ಪ, ಇಪ್ಪತ್ತು ಜನ. ಒಂದು ಬದಿಗೆ ಲಕ್ಕಪ್ಪನೂ, ಕೈ ಕಟ್ಟಿಕೊಂಡು. ಸಾಹೇಬರು ವೆರಾಂಡಾದಲ್ಲಿ ಕುರ್ಚಿಯ ಮೇಲೆ.

ಕೇದಾರಿ ನನ್ನ ತೋಳು ಹಿಡಿದ. “ಕಾಕಾ?” ಅಷ್ಟೇ ಕೇಳಿದ್ದು.

ಪಂಪಿನ ಕಬ್ಬಿಣದ ಪೈಪುಗಳು. ಮೊದಲ ಏಟು ಮೊಣಕಾಲಿಗೆ. ಬಿದ್ದವನನ್ನು ಎತ್ತಿ ನಿಲ್ಲಿಸಿ ಮತ್ತೆ ಹೊಡೆದರು. ಮಾಳಪ್ಪ ಅಳುತ್ತ ಹೊಡೆಯುತ್ತಿದ್ದ, ತಮ್ಮನ ಹೆಸರು ಹೇಳಿ ಹೇಳಿ. “ಸಾಹೇಬ್ರ, ಹೇಳ್ರಿ ಇವರಿಗೆ, ನೀವ ಹೇಳಿದ್ರಿ...” ಕೇದಾರಿ ಕೂಗಿದ. ಪೈಪು ಬಾಯಿಗೆ ಬಿತ್ತು. ಮತ್ತೆ ಮಾತು ಬರಲಿಲ್ಲ, ಗೊರಗೊರ ಸದ್ದು ಮಾತ್ರ.

ಗಾಡಿಯ ಜಾಕ್ ರಾಡ್ ತೆಗೆದುಕೊಂಡು ನುಗ್ಗಿದೆ. ಒಬ್ಬನ ಮೊಣಕೈ ಮುರಿದ ಸದ್ದು ಕೇಳಿಸಿತು. ಇನ್ನೊಬ್ಬನ ದವಡೆ. ಐವತ್ತನಾಲ್ಕು ವರ್ಷದ ಮೈ, ಆದರೂ ಕೈಗೆ ಎಲ್ಲ ನೆನಪಿತ್ತು. ಸಂತೋಷವೇ ಆಯಿತು ಅಂತ ಬರೆಯಬೇಕು, ಸುಳ್ಳು ಯಾಕೆ? ಆಮೇಲೆ ನನ್ನನ್ನೂ ಕೆಡವಿದರು. ನೆಲದ ಮೇಲಿಂದ ವೆರಾಂಡಾ ಕಾಣುತ್ತಿತ್ತು. ಸಾಹೇಬರು ಎದ್ದು, “ಶಬ್ಬೀರಗ ಬಿಡ್ರಿ” ಅಂದರು. ಶಬ್ಬೀರನನ್ನು ಮಾತ್ರ.

ಕೇದಾರಿ ಮರುದಿನ ಮಧ್ಯಾಹ್ನ ಹೋದನಂತೆ. ನನಗೆ ಎಚ್ಚರವಿರಲಿಲ್ಲ.

ಮಾರ್ಚ್ 31. ಈದ್

ನಮಾಜಿಗೆ ಹೋಗಲಾಗಲಿಲ್ಲ. ಮೈನಾಬಿ ಸುರಕುಂಬಾ ಪಾಯಸ ಚಮಚದಲ್ಲಿ ಕುಡಿಸಿದಳು.

ಪೇಪರಿನಲ್ಲಿ ಫೋಟೋ. ನಡುವೆ ಸಾಹೇಬರು, ಎಡಕ್ಕೆ ಮಾಳಪ್ಪ, ಬಲಕ್ಕೆ ಲಕ್ಕಪ್ಪ, ಕೈ ಕೈ ಹಿಡಿದು. ವಾರಕ್ಕೆ ಮೂರು ದಿನ ಮೇಲೆ, ನಾಲ್ಕು ದಿನ ಕೆಳಗೆ. ಒಳ್ಳೆಯ ಒಪ್ಪಂದ. ಮೊದಲೇ ಆಗಬಹುದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ – ‘ಕುಡಿದ ಅಮಲಿನಲ್ಲಿ ನೌಕರ ಗೇಟು ತೆಗೆದದ್ದೇ ಘಟನೆಗೆ ಕಾರಣ. ಆತ ಉದ್ರಿಕ್ತ ಗುಂಪಿಗೆ ಸಿಕ್ಕು ಮೃತಪಟ್ಟಿದ್ದಾನೆ.’

ಕೇದಾರಿ ಚಹಾ ಬಿಟ್ಟು ಬೇರೇನೂ ಕುಡಿಯುತ್ತಿರಲಿಲ್ಲ.

ಏಪ್ರಿಲ್ 3

ಕೋರ್ಟಿಗೆ ಹೇಳಿಕೆ ಕೊಡುತ್ತೇನೆಂದು ವಕೀಲರ ಮೂಲಕ ಬರೆದು ಕೊಟ್ಟಿದ್ದೆ. ಏಳನೇ ತಾರೀಖಿಗೆ ಬರಲು ಹೇಳಿದ್ದಾರೆ. ಸಂಜೆಯೊಳಗೆ ಸಾಹೇಬರಿಗೆ ತಿಳಿದಿತ್ತು. ಮನೆಗೆ ಬಂದರು. ಈ ಸಲ ಚಪ್ಪಲಿ ಬಿಡಲಿಲ್ಲ.

“ಏನ್ ಹೇಳ್ತಿ? ಸಾಹೇಬ್ರು ಹೇಳಿದ್ರು ಅಂತ. ಕೇದಾರಿಗೆ ಹೇಳಿದ್ದು ಯಾರು? ನೀನು. ಬಂಗಲೆಕ ಕರಕೊಂಡ್ ಬಂದದ್ದು ಯಾರು? ನೀನು. ನನ್ನ ದನಿ ಕೇಳಿದವ್ರು ಯಾರ್ ಅದಾರ? ಒಳಗ ಹೋದ್ರ ನೀನ ಮೊದಲು ಹೋಗ್ತಿ, ಶಬ್ಬೀರ.”

“ಹೋಗ್ತೀನ್ರಿ.”

“ಎರಡು ತಾಲೂಕಿನಾಗ ಇವತ್ತ ಒಂದು ಕಲ್ಲು ಬೀಳಾಕತ್ತಿಲ್ಲ. ಅದನ್ನ ಕೆಡಸ್ತಿ ಏನು? ಇನ್ನ ಹತ್ತ ಹೆಣ ಬಿದ್ರ ಯಾರ ಪಾಪ?”

“ಅವ ಕುಡೀತಿದ್ದಿಲ್ರಿ ಸಾಹೇಬ್ರ” ಅಂದೆ. ಹದಿನೆಂಟು ವರ್ಷದ ಅಭ್ಯಾಸ, ಎದ್ದು ನಿಂತೇ ಹೇಳಿದೆ.

ಏಪ್ರಿಲ್ 5

ಹಾಡಹಗಲೇ ಬೊಲೆರೊದಲ್ಲಿ ನಾಲ್ಕು ಜನ. ಬಾಗಿಲಿಗೆ ಮಚ್ಚು ಹೊಡೆದರು. ಹಿತ್ತಿಲಲ್ಲಿ ಕಟ್ಟಿದ್ದ ಮೈನಾಬಿಯ ಎರಡು ಆಡುಗಳ ಕತ್ತು ಕೊಯ್ದು ಹೊಸ್ತಿಲ ಮೇಲೆ ಹಾಕಿ ಹೋದರು. ಆರು ವರ್ಷ ನಾನೇ ಹೊಡೆದ ಗಾಡಿ. ಮೈನಾಬಿ ರಕ್ತ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, “ಸೋಮವಾರ ಎಷ್ಟಕ್ಕ ಹೋಗೂದು?” ಎಂದಳು.

ಏಪ್ರಿಲ್ 7, ಸೋಮವಾರ. ಗೋಕಾಕ ಕೋರ್ಟು, 10.40

ಹೊರಗಿನ ಬೆಂಚಿನ ಮೇಲೆ. ಕರೆಯಲು ಇನ್ನೂ ಹೊತ್ತಿದೆ ಎಂದಿದ್ದಾರೆ.

ಸಾವಂತ್ರೆವ್ವ ಬಂದಿದ್ದಾಳೆ, ಒಬ್ಬಳೇ. ನನ್ನನ್ನು ನೋಡಿ ಬಾಜೂ ಬಂದು ಕೂತಳು. ಮುರಿದ ಹಲ್ಲು, ಪ್ಲಾಸ್ಟರ್ ನೋಡಿ ಅತ್ತಳು. “ನನ್ನ ಮಗನ ಸಲುವಾಗಿ ಇಷ್ಟ ಹೊಡತಾ ತಿಂದ್ರಿ ಫೌಜಿಯಣ್ಣಾ. ಐದ್ ದಿನಾ ಉಣ್ಣಾಕ ಹಾಕೀರಿ.” ಆಮೇಲೆ ಮಡಿಸಿದ ಖಾಲಿ ಹಾಳೆ ತೆಗೆದಳು. ಅವಳೂ ಅರ್ಜಿ ಕೊಡಬೇಕಂತೆ. ಅಕ್ಷರ ಬರುವುದಿಲ್ಲ. “ನೀವ ಬರೀರಿ. ನನ್ನ ಮಗ ಕುಡುಕ ಅಲ್ಲ ಅಂತ ಬರೀರಿ. ಗೇಟ್ ತಗಿ ಅಂತ ಅವಗ ಹೇಳಿದವ ಯಾರು, ಆ ಬಂಗಲೆಕ ಒಯ್ದವ ಯಾರು, ಕೋರ್ಟಿನವ್ರು ಹುಡಕಲಿ ಅಂತ ಬರೀರಿ.”

ಎಡಗೈಯಲ್ಲಿ ಬರೆದೆ. ಮಕ್ಕಳ ಅಕ್ಷರದಂತೆ ಬಂತು. ಮುಗಿದ ಮೇಲೆ ಓದಿ ಹೇಳ್ರಿ ಅಂದಳು.

ಓದಿದೆ. ನನ್ನ ಮಗ ಕೇದಾರಿ ಕುಡಿಯುತ್ತಿರಲಿಲ್ಲ. ಗೇಟು ತೆಗೆಯಲು ಹೇಳಿದವರು ಕರ್ನಲ್ ರಾವಸಾಹೇಬ. ಆ ಮಾತನ್ನು ನಮ್ಮ ಮನೆಗೆ ತಂದು ಹೇಳಿದವನು ಅಂಕಲಗಿಯ ಶಬ್ಬೀರ. ಬಂಗಲೆಗೆ ಕರೆದುಕೊಂಡು ಹೋದವನೂ ಅವನೇ.

ಅಳು ನಿಂತಿತು. ಬೆಂಚಿನ ಮೇಲೆ ಸ್ವಲ್ಪ ದೂರ ಸರಿದಳು.

“ಇನ್ನೊಮ್ಮೆ ಓದು.”

ಓದಿದೆ. ಶಾಯಿಯ ಡಬ್ಬಿ ಕೇಳಿ ತಂದು, ಕೆಳಗೆ ಹೆಬ್ಬೆಟ್ಟು ಒತ್ತಿದಳು. ಹಾಳೆ ಹರಿಯುವಷ್ಟು ಜೋರಾಗಿ.

“ಒಳಗೂ ಹಿಂಗ ಓದು. ಒಂದ್ ಅಕ್ಷರ ಬಿಟ್ಟಿ ಅಂದ್ರ...”

ಸಿಪಾಯಿ ನನ್ನ ಹೆಸರು ಕೂಗುತ್ತಿದ್ದಾನೆ. ಅವಳು ಎದ್ದು ನಿಂತಿದ್ದಾಳೆ, ಹಾಳೆ ಹಿಡಿದು. ನಾನೂ ಏಳುತ್ತೇನೆ.